ಪಚ್ಚಕ್ಕೆ ಕೊಟ್ಟ ಎತ್ವ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಹಿತ್ತಲಿನಲ್ಲಿ ಮುತ್ತುಗದ ಹೂವು ಕುದಿಸುತ್ತಿದ್ದರು. ಬೆವರುಸಾಲೆ ಎದ್ದ ಮಕ್ಕಳಿಗೆ ಆ ನೀರಿನಲ್ಲಿ ಸ್ನಾನ ಮಾಡಿಸುತ್ತಾರಂತೆ. ಚಳ್ಳಕೆರೆಯ ನಮ್ಮ ಬೀದಿಗೆ ವರ್ಷವಿಡೀ ಬರುವುದು ಕಡಲೆಕಾಯಿ ಎಣ್ಣೆ ಗಿರಣಿಯ ವಾಸನೆ ಒಂದೇ. ಮೂಗು ಅದಕ್ಕೆ ಒಗ್ಗಿಹೋಗಿದೆ. ಬೇರೆ ಏನಾದರೂ ಗಾಳಿಯಲ್ಲಿ ಬಂದರೆ ಮಾತ್ರ ಪತ್ರಿಕೆಯಿಂದ ತಲೆ ಎತ್ತುತ್ತೇನೆ. ಅಂದೂ ಎತ್ತಿದೆ. ಹೊಗೆ, ಹಸಿ ಎಲೆ, ಸ್ವಲ್ಪ ಒಗರು... ಇದನ್ನು ಎಲ್ಲಿಯೋ ಮೂಸಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ ಮೊಳಕಾಲ್ಮೂರಿನ ಎದುರುಮನೆ, ಅದರ ಜಗುಲಿ, ಜಗುಲಿಯ ಮೇಲೆ ಕಾಲು ಮಡಿಸಿ ಕೂತ ಯಜಮಾನರು, ಎಲ್ಲ ಒಟ್ಟಿಗೆ ಕಣ್ಣೆದುರು ಬಂದುಬಿಟ್ಟವು. ಆಮೇಲೆ ಪತ್ರಿಕೆ ಓದಲಾಗಲಿಲ್ಲ.

ಯಜಮಾನರು ಎಂದು ಕರೆಯುತ್ತಿದ್ದವನು ನಾನೊಬ್ಬನೇ ಇರಬೇಕು. ಎರಡು ಮಗ್ಗ, ಹೆಂಡತಿ, ಯಾರ ಮಾತನ್ನೂ ಕೇಳದ ಒಂದು ಮೇಕೆ, ಇಷ್ಟೇ ಅವರ ಯಜಮಾನಿಕೆ. ರೇಷ್ಮೆ ಸೀರೆ ನೇಯುವವರು. ವಯಸ್ಸು ಐವತ್ತು ದಾಟಿತ್ತು. ನಾನಾದರೋ ಮೀಸೆ ಸರಿಯಾಗಿ ಬಲಿಯದ ಹೊಸ ಮೇಷ್ಟ್ರು, ಹೊಸದುರ್ಗದ ಕಡೆಯವನು. ಮೊಳಕಾಲ್ಮೂರಿನ ಶಾಲೆಗೆ ನನ್ನನ್ನು ಹಾಕಿದಾಗ ನನಗೆ ತೆಲುಗಿನ ಗಂಧವೂ ಇರಲಿಲ್ಲ. ಆ ಊರಿನಲ್ಲೋ ಮಗ್ಗದ ಮನೆಗಳವರು ಒಳಗೆ ತೆಲುಗು ಆಡುತ್ತಿದ್ದರು, ಬೀದಿಗೆ ಬಂದರೆ ಕನ್ನಡ, ಜಗಳಕ್ಕೆ ನಿಂತರೆ ಎರಡೂ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಯಜಮಾನರಿಗೆ ಬರೆಯಲು ಓದಲು ಬರುತ್ತಿರಲಿಲ್ಲ. ಆದರೆ ಚಿತ್ರ ಬರೆಯಲು ಕೂತರೆ ನೋಡಬೇಕಿತ್ತು. ಸುಣ್ಣ ಬಳಿದ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುವರು, ಅದು ನವಿಲಿನ ಬೆನ್ನಾಗುತ್ತಿತ್ತು. ಹೆಂಡತಿ ಗೊಣಗುತ್ತ ಹಬ್ಬಕ್ಕೊಮ್ಮೆ ಸುಣ್ಣ ಬಳಿಯುವರು, ಮಾರನೆಯ ದಿನ ಅಲ್ಲೊಂದು ಗಿಳಿ ಕೂತಿರುತ್ತಿತ್ತು. ಬಣ್ಣದ ವಿಷಯದಲ್ಲಂತೂ ಊರಿಗೆಲ್ಲ ಅವರ ಮಾತೇ ಮಾತು. ಬೇರೆ ನೇಕಾರರು ನೂಲಿನ ಲಡಿ ಹಿಡಿದುಕೊಂಡು ಬಂದು, ಈ ಅಂಚಿಗೆ ಈ ಒಡಲು ಒಪ್ಪುತ್ತದೆಯೇ ಎಂದು ಅವರನ್ನು ಕೇಳಿ ಹೋಗುತ್ತಿದ್ದರು. ಅವರು ಲಡಿಯನ್ನು ಬಿಸಿಲಿಗೊಮ್ಮೆ, ನೆರಳಿಗೊಮ್ಮೆ ಹಿಡಿದು ತಲೆ ಆಡಿಸುತ್ತಿದ್ದರು. ಅದರ ಮೇಲೆ ಅಪೀಲು ಇರಲಿಲ್ಲ.

ಈ ಅಕ್ಷರ ಬಾರದ ಮನುಷ್ಯರಿಗೆ ಮೈಸೂರಿನಿಂದ ಕಾಗದ ಬರುತ್ತಿತ್ತು. ಬರೆಯುತ್ತಿದ್ದವರು ಒಬ್ಬ ಅಮ್ಮಣ್ಣಿಯವರು, ಅರಮನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರ ಪತ್ನಿ. ಗಂಡನ ಸವಾರಿಯ ಜೊತೆ ಹಿಂದೊಮ್ಮೆ ನಮ್ಮ ಕಡೆ ಬಂದಾಗ ಯಜಮಾನರು ನೇಯ್ದ ಸೀರೆಯೊಂದನ್ನು ನೋಡಿ, ಅವರನ್ನು ಬಂಗಲೆಗೆ ಕರೆಸಿ, ಬಾಗಿಲ ಪರದೆಯ ಆಚೆಯಿಂದ ಒಂದು ಗಂಟೆ ಬಣ್ಣದ ಮಾತು ಆಡಿದ್ದರಂತೆ. ಅಲ್ಲಿಂದ ಶುರುವಾದ ಕಾಗದಗಳು. ಬಂದದ್ದನ್ನು ಓದಿ ಹೇಳುವ, ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆ ಬಿಟ್ಟ ಮೇಲೆ ಅವರ ಜಗುಲಿಯಲ್ಲಿ ಕೂತು, ಅವರ ಹೆಂಡತಿ ಕೊಡುತ್ತಿದ್ದ ಹುರಿದ ಕಡಲೆಕಾಯಿ ತಿನ್ನುತ್ತ ಬರೆಯುತ್ತಿದ್ದೆ. ನಾನು ಬರೆದಾದ ಮೇಲೆ ಯಜಮಾನರು ಕಾಗದದ ಅಂಚಿನಲ್ಲಿ ಒಂದು ಹೂವೋ ಹಕ್ಕಿಯೋ ಬರೆಯುವರು. ಅದೇ ಅವರ ರುಜು.

ಹಾಗಿರುವಾಗ ಯುದ್ಧ ಬಂತು. ಮೊಳಕಾಲ್ಮೂರಿನಲ್ಲಿ ಕೂತ ನಮಗೆ ಅದು ಎಲ್ಲಿ, ಯಾರು ಯಾರ ಮೇಲೆ ಎಂಬುದು ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೆ ಅಮ್ಮಣ್ಣಿಯವರ ಒಬ್ಬನೇ ಮಗ ಕುದುರೆ ದಳದ ಜೊತೆ ಸಮುದ್ರ ದಾಟಿ ಯಾವುದೋ ಮರಳುಗಾಡಿನ ದೇಶಕ್ಕೆ ಹೋದರು. ಆಮೇಲೆ ಕಾಗದಗಳು ಹೆಚ್ಚಾದವು. ಅವುಗಳಲ್ಲಿ ಸೀರೆಯ ಮಾತು ಕಡಿಮೆ. ಸಿಪಾಯಿಗಳಿಗೆಂದು ತಮ್ಮ ಮನೆಯಲ್ಲಿ ಹೆಂಗಸರು ಸೇರಿ ಬಟ್ಟೆಯ ಗಂಟು ಕಟ್ಟುವುದನ್ನು ಬರೆಯುವರು. ಮಗನಿಂದ ಎಷ್ಟು ದಿನವಾಯಿತು ಸುದ್ದಿಯಿಲ್ಲದೆ ಎಂದು ಬರೆಯುವರು. ದೊಡ್ಡವರ ಮನೆಯಲ್ಲಿ ಅಳುವುದಕ್ಕೂ ಜಾಗ ಹುಡುಕಬೇಕೇನೋ! ಕಂಡೂ ಕಾಣದ ಒಬ್ಬ ನೇಕಾರರ ಮುಂದೆ ಅವರು ಮನಸ್ಸು ಬಿಚ್ಚುತ್ತಿದ್ದರು.

ಒಮ್ಮೆ, ಸೆರಗಿನಲ್ಲಿ ಮಗನ ಕುದುರೆಯನ್ನು ತರಬಹುದೇ ಎಂದು ಕೇಳಿದ್ದರು. ಯಜಮಾನರು ಎರಡು ದಿನ ಯೋಚಿಸಿ ಉತ್ತರ ಬರೆಸಿದರು.

"ಕುದ್ರೆ ತರ್ತೀನಿ. ಆದ್ರೆ ಸೆರಗು ಹೊದ್ದಾಗ ಅದ್ರ ಮೂತಿ ಉಟ್ಟೋರ ಕಡೀಗೆ ಇರ್ಬೇಕು. ಆಚೆ ಕಡೆ ಓಡೋ ಕುದ್ರೆ ನಾನು ನೇಯಲ್ಲ. ಅದು ಮನೀಗೆ ಬರ್ತಾ ಇರ್ಬೇಕು ಅಂತ ಬರೀರಿ ಮೇಷ್ಟ್ರೆ."

ಅಮ್ಮಣ್ಣಿಯವರ ಉತ್ತರದಲ್ಲಿ ಆ ಸಾಲನ್ನು ಓದಿದ ದಿನ ಊಟ ಮಾಡಲಾಗಲಿಲ್ಲ ಎಂದಿತ್ತು.

ಯುದ್ಧ ನಮ್ಮ ಊರಿಗೆ ಬಂದದ್ದು ಬಣ್ಣದ ಡಬ್ಬಿಯ ಮೂಲಕ. ನೇಕಾರರು ಬಳಸುತ್ತಿದ್ದ ಬಣ್ಣದ ಪುಡಿ ಜರ್ಮನಿಯಿಂದ ಬರುತ್ತಿತ್ತು. ಅದು ನಿಂತುಹೋಯಿತು. ಅಂಗಡಿಯವನು ಡಬ್ಬಿಯ ತಳ ಕೆರೆದು ಕೊಟ್ಟದ್ದೂ ಮುಗಿಯಿತು. ನೀಲಿ ಅದ್ದುವ ಗುಡಾಣಗಳು ಯಜಮಾನರ ಅಪ್ಪನ ಕಾಲಕ್ಕೇ ಒಣಗಿದ್ದವು. ನೀಲಿಯಿಲ್ಲದ ಮೇಲೆ ಹಸಿರೂ ಇಲ್ಲ. ಯಜಮಾನರು ಅಜ್ಜಿಯ ಕಾಲದ ವಿದ್ಯೆಯನ್ನು ನೆನಪು ಮಾಡಿಕೊಂಡು ಅರಗು ಸಿಕ್ಕಷ್ಟು ದಿನ ಅದರಿಂದ ಕೆಂಪು ತೆಗೆದರು, ಅದೂ ಮುಗಿದ ಮೇಲೆ ಮುತ್ತುಗದ ಹೂವಿಗೆ ಪಟಕ ಹಾಕಿ ಕುದಿಸಿ ಹಳದಿ ತೆಗೆದರು. ಬೀದಿಯೆಲ್ಲ ಆ ವಾಸನೆ. ಇದನ್ನೆಲ್ಲ ನಾನು ಈಗ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಆಗ ನನಗೆ ವಾಸನೆ ಒಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಮಗ್ಗ ಒಳಕೋಣೆಯಲ್ಲಿತ್ತು, ನಾನು ಜಗುಲಿಯ ಗಿರಾಕಿ.

ಆ ದಿನಗಳಲ್ಲೇ ಅಮ್ಮಣ್ಣಿಯವರ ಕಾಗದ ಬಂತು. ಸೊಸೆ ಗರ್ಭಿಣಿ, ಮಗ ಯುದ್ಧದಲ್ಲಿ. ಸೀಮಂತಕ್ಕೆ ಅವರ ಮನೆಯ ಪದ್ಧತಿಯಂತೆ ಹಸಿರು ಸೀರೆಯೇ ಆಗಬೇಕು. ಬಣ್ಣಕ್ಕೆ ಅಭಾವವೆಂದು ಕೇಳಿದ್ದೇನೆ, ನಿಮ್ಮಲ್ಲಿ ಯಾವ ಬಣ್ಣವಿದೆಯೋ ತಿಳಿಸಿ, ಹಸಿರಿಲ್ಲದಿದ್ದರೆ ಹಿರಿಯರನ್ನು ಕೇಳಿ ಹೇಳುತ್ತೇನೆ ಎಂದು ಬರೆದಿದ್ದರು.

"ಪಚ್ಚ ಐತೆ ಅಂತ ಬರೀರಿ" ಎಂದರು ಯಜಮಾನರು. "ಪಚ್ಚ ಒಂದೇ ಐತೆ. ಆಗ್ತೈತಾ ಅಂತ ಕೇಳ್ರಿ."

ನಾನು ಮೇಷ್ಟ್ರಲ್ಲವೇ? ಮಕ್ಕಳ ಹಲಗೆ ತಿದ್ದಿ ತಿದ್ದಿ ಕೈಗೆ ಚಾಳಿ ಬಿದ್ದಿತ್ತು. ಪಚ್ಚ ಎಂಬುದು ಹಳ್ಳಿಯ ಬಾಯಿಗೆ ಸಿಕ್ಕಿ ಕೆಟ್ಟ ಮಾತೆಂದು ತಿಳಿದು, ಚ-ಕಾರಕ್ಕೆ ಒಂದು ಎತ್ವ ಕೊಟ್ಟು ಚೆನ್ನಾಗಿ 'ಪಚ್ಚೆ' ಎಂದು ಬರೆದೆ. ಅಷ್ಟಕ್ಕೇ ನಿಲ್ಲಲಿಲ್ಲ. ಕೇಳಿದ ಹಸಿರನ್ನೇ ಕೊಡುವವರು ಆಗುತ್ತದೆಯೇ ಎಂದು ಕೇಳುವುದೇನು, ಪಾಪ, ಸಂಕೋಚದ ಮನುಷ್ಯರು ಎಂದುಕೊಂಡು ಆ ಸಾಲನ್ನೇ ಬಿಟ್ಟೆ.

'ನೀವು ಬರೆದ ಪಚ್ಚೆಯೇ ಆಗಲಿ, ಬಹಳ ಸಂತೋಷ' ಎಂದು ಉತ್ತರ ಬಂತು. ನಾನು ಓದಿದೆ. ಯಜಮಾನರ ಮುಖ ಅರಳಿತು. ಹಿರಿಯರು ಒಪ್ಪಿದರಲ್ಲ ಎಂದರು. ಯಾವುದಕ್ಕೆ ಒಪ್ಪುವುದು ಎಂದು ಆಗಲಾದರೂ ನಾನು ಕೇಳಬಹುದಿತ್ತು. ಕೇಳಲಿಲ್ಲ. ಇಪ್ಪತ್ತು ದಿನ ಮಗ್ಗದ ಸದ್ದು ಕೇಳಿದೆ. ಸೀರೆಯನ್ನು ಅವರು ಬಟ್ಟೆಯಲ್ಲಿ ಸುತ್ತಿ ಹೊಲಿದ ಮೇಲೆ ಅದರ ಮೇಲೆ ವಿಳಾಸ ಬರೆದು ಟಪಾಲಿಗೆ ಹಾಕಿಬಂದವನೂ ನಾನೇ.

ಮುಂದಿನ ಕಾಗದವನ್ನು ಅದೇ ಜಗುಲಿಯಲ್ಲಿ ಒಡೆದು ಓದಿದೆ. ಸೀಮಂತದ ದಿನ ಹೊಲಿಗೆ ಬಿಚ್ಚಿದರೆ ಒಳಗೆ ಹಳದಿ ಸೀರೆ. ಹಿರಿಯರು ಮುಖ ಗಂಟಿಕ್ಕಿದರು. ಮೈಸೂರಿನ ಅಂಗಡಿಯಿಂದ ಅವಸರದಲ್ಲಿ ಯಾವುದೋ ಹಸಿರು ತರಿಸಿದರು. ನನಗೆ ಬೇಸರವಿಲ್ಲ, ಆದರೆ ಪಚ್ಚೆ ಎಂದು ಬರೆಸಿ ಹಳದಿ ಕಳಿಸಿದ್ದೇಕೆ, ತಿಳಿಯಬೇಕು ಎಂದಿತ್ತು.

ಓದುತ್ತ ಓದುತ್ತ ನನಗೇ ಅರ್ಥವಾಗಲಿಲ್ಲ. "ಹಳದಿ ಕಳಿಸಿದಿರಾ?" ಎಂದೆ.

"ಮತ್ತೇನು ಕಳಿಸ್ಲಿ? ಪಚ್ಚ ಅಂತ ಹೇಳಿದ್ನಲ್ಲ. ಪಚ್ಚ ಅಂಟೆ ಪಸುಪೇ ಕದಾ! ಪಚ್ಚ ಅಂದ್ರೆ ಅರಿಶಿನದ ಬಣ್ಣ ಅಲ್ವೇನ್ರಿ?"

ಅವರ ಮನೆಮಾತಿನಲ್ಲಿ ಪಚ್ಚ ಎಂದರೆ ಹಳದಿ. ಹಸಿರು ಬೇಕಾದರೆ 'ಆಕುಪಚ್ಚ', ಎಲೆಯ ಪಚ್ಚ, ಎನ್ನಬೇಕು. ಅವರ ಮನೆಯ ಎದುರಿಗೇ ಎರಡು ವರ್ಷ ಇದ್ದೂ ನನಗದು ಗೊತ್ತಿರಲಿಲ್ಲ. ಅವರು ನಿಜವನ್ನೇ ಹೇಳಿದ್ದರು, ಒಪ್ಪಿಗೆಯನ್ನೂ ಕೇಳಿದ್ದರು. ನಾನು ತಿದ್ದಿದ್ದೆ. ಬಿಟ್ಟ ಸಾಲಿನ ವಿಷಯವನ್ನೂ ತೊದಲುತ್ತ ಹೇಳಿದೆ. ಮೇಕೆ ಬಂದು ಕಾಗದಕ್ಕೆ ಬಾಯಿ ಹಾಕಿತು, ಯಜಮಾನರು ಅದನ್ನು ಓಡಿಸಿದರು. ಆಮೇಲೆ ಹೇಳಿದರು:

"ತಪ್ಪು ನಂದು ಅಂತ ಬರೀರಿ. ಬಣ್ಣ ಮರ್ತು ಅದ್ದಿಬಿಟ್ಟೆ ಅನ್ರಿ. ಅವ್ರ ಯಜಮಾನ್ರು ದೊಡ್ಡ ಅಧಿಕಾರಿ. ಮೇಷ್ಟ್ರು ತಪ್ಪು ಬರ್ದ್ರು ಅಂದ್ರೆ ನಿಮ್ಮ ಸರ್ಕಾರಿ ಕೆಲ್ಸಕ್ಕೆ ಕಷ್ಟ."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಊರಿನಲ್ಲಿ ತಾಯಿ, ಇಬ್ಬರು ತಂಗಿಯರು ನನ್ನ ಸಂಬಳವನ್ನೇ ನಂಬಿಕೊಂಡಿದ್ದರು ಎಂಬುದು ನಿಜ. ಅದಕ್ಕಿಂತ ನಿಜ, ನನಗೆ ಹೆದರಿಕೆಯಾಗಿತ್ತು. ಅವರು ಹೇಳಿದಂತೆಯೇ ಬರೆದೆ. ಈ ಸಲ ಒಂದಕ್ಷರವನ್ನೂ ತಿದ್ದಲಿಲ್ಲ!

ಅಮ್ಮಣ್ಣಿಯವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. 'ಗಂಟು ಕಟ್ಟಲು ಸೇರಿದ್ದ ಹೆಂಗಸರಿಗೆಲ್ಲ ನಿಮ್ಮ ಕಥೆ ಹೇಳಿದೆ. ಹಸಿರು ಹಳದಿ ಗೊತ್ತಿಲ್ಲದ ನೇಕಾರರೆಂದು ನಿಮಗೆ ಹೆಸರಿಟ್ಟಿದ್ದಾರೆ. ಬಹಳ ದಿನಗಳ ಮೇಲೆ ಎಲ್ಲರೂ ನಕ್ಕೆವು' ಎಂದು ಬರೆದರು. ಆ ಸಾಲಿಗೆ ಬಂದು ನಾನು ತಡವರಿಸಿದೆ.

"ಪೂರ್ತಿ ಓದ್ರಿ" ಎಂದರು.

ಓದಿದೆ.

"ಅಮ್ಮಾವ್ರೂ ನಕ್ರಂತಾ?"

"ನಕ್ಕರಂತೆ."

"ಆಗ್ಲಿ ಬಿಡ್ರಿ. ಮಗನ್ನ ಯುದ್ಧಕ್ಕೆ ಕಳಿಸಿರೋ ತಾಯಿ..." ಎಂದು ಅಲ್ಲಿಗೇ ನಿಲ್ಲಿಸಿ, ಎದ್ದು ಒಳಗೆ ಹೋದರು. ಆ ಕಾಗದಕ್ಕೆ ನಾನು ಬರೆದ ಉತ್ತರದ ಅಂಚಿನಲ್ಲಿ ಅವರು ಏನನ್ನೂ ಬರೆಯಲಿಲ್ಲ. ಮುಂದಿನ ಸಲ ಮೈಸೂರಿನಿಂದ ಸೀರೆಗೆ ಹೇಳಿಕಳಿಸಿದಾಗ ಕಾಗದದ ಜೊತೆ ಬಣ್ಣದ ನೂಲಿನ ತುಂಡುಗಳನ್ನು ದಾರದಿಂದ ಕಟ್ಟಿ ಕಳಿಸಿದ್ದರು, ನೇಕಾರರಿಗೆ ಗೊಂದಲವಾಗದಿರಲಿ ಎಂದು. ಊರೆಲ್ಲ ಯಾರನ್ನು ಬಣ್ಣ ಕೇಳಲು ಬರುತ್ತಿತ್ತೋ ಅವರಿಗೆ! ಯಜಮಾನರು ಆ ತುಂಡುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. ಬಿಸಿಲಿಗೂ ಹಿಡಿಯಲಿಲ್ಲ, ನೆರಳಿಗೂ ಹಿಡಿಯಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಅಂದೇ ಅಮ್ಮಣ್ಣಿಯವರಿಗೆ ನಿಜ ಬರೆಯಬೇಕಿತ್ತು. ಶಾಲಾ ಇನ್ಸ್‌ಪೆಕ್ಟರ ತನಿಖೆ ಮುಗಿಯಲಿ ಎಂದೆ. ಆಮೇಲೆ ತಂಗಿಯ ಮದುವೆ ಕಳೆಯಲಿ ಎಂದೆ. ಅಷ್ಟರಲ್ಲಿ ನನಗೆ ಪರಶುರಾಂಪುರಕ್ಕೆ ವರ್ಗವಾಯಿತು. ಯಜಮಾನರು ಊರ ಹೊರಗಿನವರೆಗೆ ನನ್ನ ಗಾಡಿಯ ಜೊತೆ ನಡೆದು ಬಂದರು. ಏನೋ ಹೇಳುವವರಂತೆ ಗಾಡಿಯ ಗೂಟ ಹಿಡಿದುಕೊಂಡು, ಆರೋಗ್ಯ ಜೋಪಾನ ಎಂದಷ್ಟೇ ಹೇಳಿ ಹಿಂದಿರುಗಿದರು.

ಯುದ್ಧ ಮುಗಿಯಿತು. ಅದರ ಹಿಂದೆಯೇ ಆ ಕೆಟ್ಟ ಜ್ವರ ಬಂತು... ಮನೆಗೊಂದು, ಎರಡು ಹೆಣ. ಅದು ಇಳಿದ ಮೇಲೆ ಮೊಳಕಾಲ್ಮೂರಿನಿಂದ ಬಂದವರೊಬ್ಬರು ಯಜಮಾನರೂ ಹೋದರು ಎಂದರು. ಅಂದು ಕೂತು ಅಮ್ಮಣ್ಣಿಯವರಿಗೆ ಎಲ್ಲವನ್ನೂ ಬರೆದೆ. ಕೆಲಸ ಹೋದರೆ ಹೋಗಲಿ ಎಂಬ ಧೈರ್ಯ, ಅವರು ಸತ್ತ ಮೇಲೆ ನನಗೆ ಎಲ್ಲಿಂದಲೋ ಬಂದಿತ್ತು. ಕೆಲಸವೇನೂ ಹೋಗಲಿಲ್ಲ. ಉತ್ತರ ಬಂತು. ಮಗ ಕಾಲಿಗೆ ಗಾಯವಾಗಿ ಮನೆ ಸೇರಿದ್ದಾನೆ. ಅಂದು ನಕ್ಕವರನ್ನೆಲ್ಲ ಮತ್ತೆ ಕರೆದು ನಿಮ್ಮ ಕಾಗದವನ್ನು ಓದಿ ಹೇಳಿದೆ. ನಗಿಸಿದವಳು ನಾನೇ ಆದ್ದರಿಂದ ನಾಚಿಕೆಯೂ ನನ್ನದೇ ಎಂದು ಬರೆದಿದ್ದರು.

ಆ ಕಾಗದ ಹಿಡಿದುಕೊಂಡು ಮೊಳಕಾಲ್ಮೂರಿಗೆ ಹೋದೆ. ಯಜಮಾನರ ಹೆಂಡತಿ ಒಬ್ಬರೇ ಇದ್ದರು. ಓದಿ ಹೇಳಿದೆ. ಅವರು ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಅವ್ರು ಕಾಯ್ತಿದ್ರು ಮೇಷ್ಟ್ರೆ. ಟಪಾಲಿನವ್ನು ಬಂದಾಗೆಲ್ಲ ಎದ್ದು ನೋಡೋರು. ನಾನು ನಿಮ್ಮನ್ನ ಕೇಳೇಬಿಡ್ತೀನಿ ಅಂದ್ರೆ ಬಿಡ್ತಿರ್ಲಿಲ್ಲ. ಮೇಷ್ಟ್ರು ಒಳ್ಳೇರು, ಒಂದಿನ ತಾವೇ ಬರೀತಾರೆ, ನೀನು ಏನೂ ಕೇಳ್ಬ್ಯಾಡ ಅಂತಿದ್ರು."

ಹೇಳಿ, ಎಂದಿನಂತೆ ಕಡಲೆಕಾಯಿ ತರಲು ಒಳಗೆ ಹೋದರು. ನಾನು ಜಗುಲಿಯಲ್ಲಿ ಕೂತಿರಲಾರದೆ ಬೀದಿಗಿಳಿದೆ.

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಅಮ್ಮಣ್ಣಿಯವರೂ ತೀರಿಕೊಂಡು ಬಹಳ ವರ್ಷವಾಯಿತು. ಅವರಿಬ್ಬರ ಮಾತನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದ ನಾನೊಬ್ಬ ಉಳಿದಿದ್ದೇನೆ. ಎಷ್ಟೋ ಜನರಿಗೆ ಎಷ್ಟೋ ಕಾಗದ ಬರೆದುಕೊಟ್ಟ ಕೈ ಇದು. ನನ್ನನ್ನು ಒಳ್ಳೆಯವನೆಂದು ನಂಬಿ ಕಾದ ಒಬ್ಬ ಮನುಷ್ಯರಿದ್ದರು. ಅವರು ಕಾಯುತ್ತಿದ್ದ ಆ ಒಂದು ಕಾಗದವನ್ನು ಅವರು ಬದುಕಿರುವಾಗ ನಾನು ಬರೆಯಲಿಲ್ಲ.