ಅಳುವ ಪಟದ ಹಿಂದಿನ ಮೂಲೆ

ಮುಚ್ಚಿದ್ದನ್ನು ತೆರೆದು ನೋಡದಿದ್ದರೆ ತೈಸಿಯಾಗೆ ಉಂಡದ್ದು ಅರಗುತ್ತಿರಲಿಲ್ಲ. ಸುಖೋನಾ ನದಿ ದಂಡೆಯ ಆ ಹಳ್ಳಿಯಲ್ಲಿ ಮೂವತ್ತು ವರ್ಷ ಬೇಕರಿಯಲ್ಲಿ ದುಡಿದು ನಿವೃತ್ತಳಾಗಿ ಮನೆ ಸೇರಿದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಗಡಿಯಾರ, ರೇಡಿಯೋ ಎಲ್ಲ ಬಿಚ್ಚುವವಳು ಅವಳು. ಮತ್ತೆ ಕೂಡಿಸುವ ಪಾಡು ಗಂಡ ಯೆವ್ಸೇಯ್‌ದು.

ಆ ಜನವರಿಯಲ್ಲಿ ದೇವರ ಮೂಲೆಯ ದೇವಮಾತೆಯ ಪಟದಲ್ಲಿ ಆಗಾಗ ಹನಿಯೊಂದು ಕಣ್ಣಿನಿಂದ ಕೆನ್ನೆಗೆ ಇಳಿಯುತ್ತಿತ್ತು. ಪಕ್ಕದ ಮನೆಯ ಕಪಿತೋಲಿನಾ ಶಿಲುಬೆಯ ಗುರುತು ಹಾಕಿಕೊಂಡಳು.

"ಅಕ್ಕಾ, ತಾಯಿ ಅಳ್ತಿದ್ದಾಳೆ ನೋಡು!"

"ಚಳಿ ಕಚ್ಚೋ ದಿನ ಮಾತ್ರ ಯಾಕೆ ಅಳ್ತಾಳೆ?" ಎಂದಳು ತೈಸಿಯಾ.

ಪಟಕ್ಕೆ ಕೈಮುಗಿದು ಕೆಳಗಿಳಿಸಿ ಗೋಡೆ ಮುಟ್ಟಿದಳು. ಕೈ ಮರಗಟ್ಟಿತು. ಮೇಣದಬತ್ತಿ ಹಿಡಿದರೆ ಉರಿ ಬಾಗಿತು. ಗೋಡೆಯಿಂದ ನುಸುಳುವ ಗಾಳಿಗೆ ಪಟ ತಣ್ಣಗಾಗಿ, ಮನೆಯೊಳಗಿನ ಹಬೆ ಅದರ ಮೇಲೆ ಹನಿಗಟ್ಟುತ್ತಿತ್ತು.

ಕಂಬ ನಿಲ್ಲಿಸಿ ಎರಡೂ ಕಡೆ ಹಲಗೆ ಹೊಡೆದ ಆ ಮನೆ ಯೆವ್ಸೇಯ್‌ನೇ ಕಟ್ಟಿದ್ದು.

"ಈ ಮೂಲೇಲಿ ಏನು ತುಂಬಿದ್ದೆ ಮಾರಾಯ?"

"ಅಗಸೆ ನಾರು. ಚಳಿ ಒಳಗೆ ಬಾರದಿರಲಿ ಅಂತ ಬೆರಳಲ್ಲಿ ಬೊಬ್ಬೆ ಬರೋ ಹಾಗೆ ಗಿಡಿದಿದ್ದೀನಿ."

"ಗಿಡಿದಿದ್ದು ನಾರೋ, ಬರೀ ಬಾಯಿಮಾತೋ?"

ಯೆವ್ಸೇಯ್ ಎಲೆಕೋಸಿನ ಸಾರು ಅರ್ಧಕ್ಕೇ ಬಿಟ್ಟೆದ್ದ. ಹೊರಗೆ ಏಣಿ ಹಾಕಿ, ಸಲಾಕೆಯಿಂದ ಮೂಲೆಯ ಹಲಗೆ ಮೀಟಿದ. ಕಂಬಗಳ ನಡುವೆ ಮೇಲಿನ ಅರ್ಧ ಖಾಲಿ! ಅವನ ಮುಖ ಸಪ್ಪಗಾಯಿತು. "ನನ್ನ ಕೈಯಾರೆ ತುಂಬಿದ್ದೆ ಕಣೇ..."

ತೈಸಿಯಾ ಅವನನ್ನು ಇಳಿಸಿ ತಾನೇ ಏಣಿ ಹತ್ತಿದಳು. ಒಳಗೆ ಹಳದಿ ಪುಕ್ಕಗಳು ಅಂಟಿದ್ದವು. ಕಿತ್ತ ಹಲಗೆಯನ್ನು ಬೆಳಕಿಗೆ ಹಿಡಿದಳು. ಮರದ ಗಂಟೊಂದು ಉದುರಿ ತೂತಾಗಿತ್ತು.

"ಅಯ್ಯೋ, ಹಳದಿ ಹೊಟ್ಟೆ ಗುಬ್ಬಿ! ವಸಂತದಲ್ಲಿ ಕೊಕ್ಕು ತುಂಬ ನಾರು ಹೊತ್ತು ಹಾರ್ತಿತ್ತು. ಎಲ್ಲಿ ಸಿಗತ್ತೋ ಇದಕ್ಕೆ ಅಂದ್ಕೊಳ್ತಿದ್ದೆ. ನಮ್ಮ ಗೋಡೇದೇ!"

"ಹಕ್ಕಿ ಕದ್ದಿದ್ದಕ್ಕೆ ನನ್ನ ಮಾನ ತೆಗೆದೆಯಲ್ಲೇ."

"ನಿನ್ನ ಮಾನಾನೂ ನಾರಿನ ಜೊತೆ ವಾಪಸ್ ತುಂಬ್ತೀನಿ, ಏಣಿ ಗಟ್ಟಿಯಾಗಿ ಹಿಡಕೋ."

ಇಬ್ಬರೂ ನಕ್ಕರು. ಹೊಸ ನಾರನ್ನು ಕೋಲಿನಿಂದ ಒತ್ತಿ ಒತ್ತಿ ತುಂಬಿ, ತೂತಿಗೆ ತಗಡು ಬಡಿದು, ಹಲಗೆ ಕೂಡಿಸಿದರು. ಮುಂದಿನ ಚಳಿಗೆ ಮೂಲೆ ಒಣಗಿಯೇ ಇತ್ತು, ಪಟವೂ.

ಕಪಿತೋಲಿನಾಗೆ ನಿರಾಸೆಯಾಯಿತು. "ಗಾಳಿಯಿಂದಲೇ ಅಂತಿಟ್ಟುಕೋ ಅಕ್ಕಾ. ನೀರು ಸರಿಯಾಗಿ ಕಣ್ಣಿನಿಂದಲೇ ಯಾಕೆ ಇಳೀತು?"

ಅದನ್ನು ತೈಸಿಯಾ ಯೋಚಿಸಿಯೇ ಇರಲಿಲ್ಲ.

"ನನ್ನ ಕನ್ನಡಕ ಎಲ್ಲಿ?" ಎನ್ನುತ್ತ ಪಟದ ಕೆಳಗೆ ಕುರ್ಚಿ ಎಳೆದಳು.