ಕರಡಿಯ ಪಂಕ್ತಿಗೆ ಟಿಕೆಟ್ ಮಾಫಿ

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮಗ ನನ್ನನ್ನು ವಿಸಿಟ್ ವಿಸಾದ ಮೇಲೆ ಕತಾರಿಗೆ ಕರೆಸಿಕೊಂಡ. ಅವನಿಗೆ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ. ಸೊಸೆ ಒಂದು ದವಾಖಾನೆಯ ರಿಸೆಪ್ಶನ್ನಿನಲ್ಲಿ ಕೂರುತ್ತಿದ್ದಳು. ಮನೆಯಿದ್ದದ್ದು ದೋಹಾದ ಅಂಚಿನ ಮುಐದರ್ ಬಡಾವಣೆಯಲ್ಲಿ. ಮಾಲೀಕ ದೊಡ್ಡ ವಿಲ್ಲಾದ ನಡುವೆ ಗೋಡೆ ಎತ್ತಿ, ತುಂಡು ತುಂಡು ಮಾಡಿ ಬಾಡಿಗೆಗೆ ಬಿಟ್ಟಿದ್ದ. ನಮ್ಮ ಪಾಲಿಗೆ ಬಂದ ಕಿಟಕಿ ತೆರೆದರೆ ಎದುರಿಗೆ ಕಾಂಪೌಂಡ್ ಗೋಡೆ. ದಿನವಿಡೀ ಗೋಡೆ ನೋಡುವುದಕ್ಕೆ ವಿಮಾನ ಹತ್ತಿ ಬರಬೇಕಾಗಿತ್ತೇ ಎಂದು ಮೊದಲ ವಾರವೇ ಮಗನನ್ನು ಕೇಳಿದೆ. ಅವನು ನಕ್ಕ.

ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಮನೆಯಲ್ಲಿ ಏಸಿಯ ಗುಂಯ್ ಸದ್ದು ಒಂದೇ. ಊರಲ್ಲಿ ನಾನು ಸುಮ್ಮನೆ ಕೂತವಳಲ್ಲ. ತರಕಾರಿಯವನ ಜೊತೆ ಜಗಳ, ಹಾಲಿನವನ ಜೊತೆ ಜಗಳ, ಯಾರೂ ಸಿಗದಿದ್ದರೆ ಎದುರು ಮನೆಯ ಆಕಳ ಜೊತೆಯಾದರೂ ನಾಲ್ಕು ಮಾತು. ಇಲ್ಲಿ ಜಗಳಕ್ಕೂ ಒಂದು ಜೀವ ಇರಲಿಲ್ಲ. ಮಧ್ಯಾಹ್ನ ಮೊಮ್ಮಗಳು ಸ್ಕೂಲ್ ವ್ಯಾನಿನಿಂದ ಇಳಿದು ಬಂದಾಗ ‘ಬಂದಿ ಏನ ನನ್ನವ್ವಾ’ ಎನ್ನಲು ಹೋದರೆ ಬೆಳಗಿನಿಂದ ಮಾತಾಡದ ದನಿ ಹೊರಡದೆ, ಒಮ್ಮೆ ಕೆಮ್ಮಿ ಸರಿಮಾಡಿಕೊಂಡು ಮಾತಾಡಬೇಕಾಗುತ್ತಿತ್ತು.

ಅವಳಿಗೆ ಆಗ ಐದು ವರ್ಷ. ಕನ್ನಡ ಬರುತ್ತಿತ್ತು, ಆದರೆ ನೀರು, ಊಟ, ಬೇಡ, ನಿದ್ದೆ, ಇಷ್ಟರಲ್ಲೇ ಮುಗಿದು ಹೋಗುತ್ತಿತ್ತು. ಅಪ್ಪ ಅಮ್ಮನ ಜೊತೆ ಇಂಗ್ಲಿಷು, ಟೀವಿ ಇಂಗ್ಲಿಷು, ಗೊಂಬೆಗಳನ್ನು ಬೈಯುವುದೂ ಇಂಗ್ಲಿಷಿನಲ್ಲಿ. ನನಗೆ ನಾಲ್ಕು ಅಕ್ಷರ ಬರುತ್ತಿದ್ದವು, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಏನು ಉಪಯೋಗ? ಆ ಮನೆಯಲ್ಲಿ ನಾನೇ ಅಡಾಣಿ, ಓದು ಬಾರದವಳು. ಹುಡುಗಿ ಬಂದವಳು ಊಟ ಮಾಡಿ ಟೀವಿಯ ಮುಂದೆ ಕೂರುವಳು. ನಾನು ಅವಳ ಹಿಂದೆ ಕೂತು ಅವಳ ಎರಡು ಜಡೆ ನೋಡುವೆ.

ಹೀಗಿರುವಾಗ ಒಂದು ದಿನ ಅವಳು ಟೀವಿಯ ಕಡೆ ಹೋಗದೆ ನನ್ನ ಕಡೆ ಬಂದಳು. ಕೈಯಲ್ಲಿ ಬಣ್ಣದ ಜಾಹೀರಾತಿನ ಕಾಗದ.

“ಅಜ್ಜಿ, ನನಗ ಕ್ಯಾರೆಕ್ಟರ್ ಊಟ ಬೇಕು.”

ನಾನು ಹೌಹಾರಿದೆ. ನಮ್ಮ ಕಡೆ ಕ್ಯಾರೆಕ್ಟರ್ ಎಂಬ ಮಾತು ಬರುವುದು ಹೆಣ್ಣು ಗಂಡು ನೋಡುವಾಗ, ಇಲ್ಲವೇ ಯಾರಾದರೂ ಕುಡಿದು ಗಟಾರಿನಲ್ಲಿ ಬಿದ್ದಾಗ. “ಊಟಕ್ಕ ಎಂಥಾ ಕ್ಯಾರೆಕ್ಟರ ಕೂಸ? ಉಣ್ಣವ್ರ ಕ್ಯಾರೆಕ್ಟರ ಚಲೋ ಇದ್ರ ಸಾಕು” ಎಂದೆ.

ಅವಳು ಹಣೆ ಬಡಿದುಕೊಂಡಳು, ಥೇಟು ಅವರಪ್ಪನ ಹಾಗೆ. ಆಮೇಲೆ ಎದ್ದು ನಿಂತು ಎರಡೂ ಕೈ ಅಗಲಿಸಿ, ಹೊಟ್ಟೆ ಮುಂದೆ ಮಾಡಿ, ಗುರ್ ಎನ್ನುತ್ತ ಕೋಣೆಯ ತುಂಬ ನಡೆದಳು. “ಇದು ಕರಡಿ. ಕರಡಿ ಟೇಬಲ್‌ಗೆ ಬರ್ತೈತಿ. ನಾವ್ ಊಟ ಮಾಡ್ತೀವಿ. ಕರಡಿ ಹಾಯ್ ಅಂತೈತಿ.”

ಸಮುದ್ರದ ಕಡೆ ಮಕ್ಕಳ ಆಟದ ಪಾರ್ಕೊಂದಿತ್ತು. ಜುಮ್ಮಾ ದಿನ, ಅಂದರೆ ಶುಕ್ರವಾರ ಸಂಜೆ, ಅಲ್ಲಿನ ಹೋಟೆಲಿನಲ್ಲಿ ಕರಡಿ, ಮೊಲಗಳ ವೇಷ ಹಾಕಿದವರು ಊಟಕ್ಕೆ ಕೂತ ಮಕ್ಕಳ ಬಳಿ ಬರುತ್ತಾರಂತೆ. ಅವಳ ಕ್ಲಾಸಿನ ಹುಡುಗಿ ಹೋಗಿ ಬಂದು ಇವಳ ಹೊಟ್ಟೆ ಉರಿಸಿದ್ದಳು. ಸೊಸೆಯನ್ನು ಕೇಳಿದರೆ ‘ಲೇಟರ್, ಲೇಟರ್’. ಮಗನನ್ನು ಕೇಳಿದರೆ ಅವನು ನಿದ್ದೆಯಲ್ಲಿ. ಉಳಿದವಳು ನಾನು.

“ಹೋಗೂಣು ತಗೋ. ನೀನೂ ನಾನೂ” ಎಂದೆ.

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ವ್ಯಾನಿನಿಂದ ಇಳಿದವಳು ಚೀಲ ಎಸೆದು ನೇರ ನನ್ನ ಹತ್ತಿರ ಬರುತ್ತಿದ್ದಳು. ಟೀವಿ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಬಿದ್ದಿತ್ತು. ನೆಲದ ಮೇಲೆ ಸ್ಟೀಲಿನ ತಟ್ಟೆ ಹಾಕಿ ನಾವು ಊಟದ ತಾಲೀಮು ನಡೆಸುತ್ತಿದ್ದೆವು. ನಡುವೆ ಕರಡಿಗೆ ಜಾಗ. ನಾನು ಗೋಡೆಯ ಕಡೆ, ಅವಳು ದಾರಿಯ ಕಡೆ, ಏಕೆಂದರೆ ಕರಡಿ ಮೊದಲು ಅವಳಿಗೇ ಕೈ ಕೊಡಬೇಕು. ಒಮ್ಮೆ ನಾನು ಕಂದು ಬಣ್ಣದ ರಗ್ಗು ಹೊದ್ದು ಕರಡಿಯಾದೆ. ಅವಳು ನಕ್ಕು ನಕ್ಕು ಬಿಕ್ಕಳಿಕೆ ಹತ್ತಿ, ನೀರು ಕುಡಿಸಬೇಕಾಯಿತು.

ನನ್ನ ತಕರಾರು ಒಂದೇ. ಕರಡಿ ಊಟ ಮಾಡುವುದಿಲ್ಲ, ಬರೀ ಕೈ ಕುಲುಕಿ ಹೋಗುತ್ತದೆ ಎಂದಳು.

“ಹಂಗಂದ್ರ? ಪಂಕ್ತಿಗೆ ಬಂದಾವ್ರು ಉಪಾಸ ಹೋಗೂದ? ನಮ್ಮ ಮನ್ಯಾಗ ಹಂಗಿಲ್ಲವಾ.”

“ಅಜ್ಜಿ, ಅದರ ಬಾಯಿ ಓಪನ್ ಆಗಂಗಿಲ್ಲ.”

“ಕಟ್ಟಿ ಕೊಡೂಣು. ಮನೀಗೆ ಒಯ್ದು ತಿನ್ನಲಿ.”

ಇದು ಅವಳಿಗೆ ಒಪ್ಪಿಗೆಯಾಯಿತು. ಕರಡಿಗೆ ಶೇಂಗಾ ಹೋಳಿಗೆ ಎಂದು ನಿಶ್ಚಯವಾಯಿತು. ಹೋಳಿಗೆಗೆ ಇಂಗ್ಲಿಷಿನಲ್ಲಿ ಏನು ಹೇಳಬೇಕು ಎಂದು ಅವಳು ಬಹಳ ಹೊತ್ತು ಯೋಚಿಸಿ, ಕಡೆಗೆ ‘ಹೋಳಿಗಿ’ ಅಂತನೇ ಹೇಳೋಣ ಎಂದಳು. ಶೇಂಗಾ, ಹೋಳಿಗೆ, ಪಂಕ್ತಿ, ಉಪಾಸ, ಒಗ್ಗರಣೆ... ಒಂದೊಂದು ಮಾತೂ ಅವಳ ಬಾಯಿಗೆ ಹತ್ತುತ್ತ ಬಂದಿತ್ತು. ನನಗೆ ಬೇಕಾಗಿದ್ದದ್ದು ಕರಡಿಯಲ್ಲ. ನಾವಿಬ್ಬರೂ ಪಕ್ಕಪಕ್ಕ ಕೂತು ಒಂದೇ ಸಂಗತಿಯನ್ನು ನೋಡಬೇಕು, ಆಮೇಲೆ ಅವಳು ಅದನ್ನು ನನ್ನ ಜೊತೆ ಮಾತಾಡಬೇಕು. ನನ್ನ ವಿಸಾ ಮುಗಿಯಲು ಬಂದಿತ್ತು. ಅವಳು ದೊಡ್ಡವಳಾದ ಮೇಲೆ ‘ನಾನೂ ನಮ್ಮಜ್ಜಿಯೂ ಹೋಗಿದ್ದೆವು’ ಎಂದು ಹೇಳಲು ಒಂದಾದರೂ ಇರಲಿ ಎಂಬ ಆಸೆ ನನಗೆ.

ಸೀಟು ಮೊದಲೇ ಹೇಳಿಡಬೇಕಂತೆ. ಕಾಗದದಲ್ಲಿ ಫೋನ್ ನಂಬರ್ ಇತ್ತು. ಅವಳು ನಾಲಗೆ ಹೊರಗೆ ಚಾಚಿಕೊಂಡು ಒಂದೊಂದೇ ಗುಂಡಿ ಒತ್ತಿದಳು, ನಾನು ರಿಸೀವರ್ ಹಿಡಿದೆ. ಅತ್ತ ಕಡೆಯವನು ಅರಬ್ಬಿಯಲ್ಲಿ ಏನೋ ಅಂದ. ನಾನು ಹಿಂದಿಗೆ ಇಳಿದೆ. ನನ್ನ ಹಿಂದಿ ಎಂದರೆ ನಮ್ಮ ಓಣಿಯ ಸಾಬರ ಮನೆಯಲ್ಲಿ ಕಲಿತದ್ದು, ಸಂಕೋಚ ಇಲ್ಲದ್ದು. “ಜುಮ್ಮೆ ಕಾ ಖಾನಾ ಹೋನಾ. ಏಕ್ ಬುಡ್ಡಿ, ಏಕ್ ಬಚ್ಚಿ” ಎಂದು ಒಬ್ಬಳು ಮುದುಕಿಗೆ, ಒಂದು ಕೂಸಿಗೆ ಊಟ ಕೇಳಿದೆ.

“ಟಿಕೆಟ್ ಮಾಫಿ, ಮಾಂಜೀ” ಎಂದ.

ನನಗೆ ನಂಬಿಕೆ ಬರಲಿಲ್ಲ. “ಕ್ಯಾ ಬೋಲೆ? ಮಾಫಿ?”

“ಮಾಫಿ, ಮಾಫಿ. ಜುಮ್ಮಾ ಟಿಕೆಟ್ ಮಾಫಿ.”

ಮಾಫಿ ಎಂದರೆ ನನಗೆ ಗೊತ್ತಿಲ್ಲವೇ? ಹೆಣ್ಣುಮಕ್ಕಳಿಗೆ ಫೀ ಮಾಫಿ ಇದೆ ಎಂದೇ ನಮ್ಮಪ್ಪ ನನ್ನನ್ನು ಮುಲ್ಕಿಯ ತನಕ ಓದಿಸಿದ್ದು. ಊರಲ್ಲಿ ಸಾಲ ಮಾಫಿ, ದಂಡ ಮಾಫಿ ಎಲ್ಲ ಕೇಳಿದವಳು ನಾನು. ಶ್ರೀಮಂತರ ದೇಶ, ಮುದುಕರಿಗೂ ಮಕ್ಕಳಿಗೂ ಬಿಟ್ಟುಬಿಟ್ಟಿದ್ದಾರೆ ಎಂದುಕೊಂಡೆ. “ಅಲ್ಲಾ ತುಮ್ಹಾರಾ ಭಲಾ ಕರೇ ಬೇಟಾ” ಎಂದು ಬಾಯಿ ತುಂಬ ಹರಸಿದೆ. ಅವನು ‘ಹಾಂ?’ ಎಂದವನೇ ಫೋನ್ ಇಟ್ಟ.

ಸಂಜೆ ಮಗನಿಗೆ ಹೇಳಿದೆ: “ಶುಕ್ರವಾರ ನಮ್ಮನ್ನ ಪಾರ್ಕಿಗೆ ಬಿಟ್ಟು ಬಾ ಸಾಕು. ಟಿಕೇಟಿಂದೆಲ್ಲಾ ನಾ ನೋಡ್ಕೊಂಡೀನಿ.” ಪಕ್ಕದ ಪಾಲಿನ ಹೆಂಗಸು ನಮಗೂ ಸೇರಿಸಿ ಬುಕ್ ಮಾಡಿದ್ದಾಳೆ ಎಂದು ಅವನು ತಿಳಿದುಕೊಂಡ. ಆಕೆ ಮಂಗಳೂರಿನ ಕಡೆಯ ಬ್ಯಾರಿ ಹೆಂಗಸು, ಹುಟ್ಟು ಹಬ್ಬವೆಂದು ಮಕ್ಕಳನ್ನು ಅದೇ ಊಟಕ್ಕೆ ಕರೆದೊಯ್ಯುವವಳಿದ್ದಳು. ನಾನೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಫೋನ್ ಮಾಡಿದ್ದು ನನ್ನ ಮತ್ತು ಮೊಮ್ಮಗಳ ಗುಟ್ಟು.

ಶುಕ್ರವಾರ ಸೊಸೆಗೆ ಡ್ಯೂಟಿ. ಮಗ ರಾತ್ರಿ ಶಿಫ್ಟಿನಿಂದ ಬಂದು ಅರೆಬರೆ ಮಲಗಿ ಎದ್ದಿದ್ದ. ನಾನು ಇಳಕಲ್ ಸೀರೆ ಉಟ್ಟೆ. ಹುಡುಗಿಗೆ ಹಳದಿ ಫ್ರಾಕು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನನಗೆ ಅಂಟಿಕೊಂಡು ಕೂತು, ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹಿಗ್ಗಿನಲ್ಲಿ ನನ್ನ ಕಾಲು ನೆಲಕ್ಕೆ ಹತ್ತಿರಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಹೆಸರು ಕೇಳಿದ. ಮಗ ನನ್ನ ಮುಖ ನೋಡಿದ. “ಹೆಸರು ಬ್ಯಾಡ, ನಮಗ ಮಾಫಿ ಐತಿ” ಎಂದೆ. ಆ ಹುಡುಗನಿಗೂ ಹಿಂದಿಯಲ್ಲಿ ಹೇಳಿದೆ: ಫೋನಿನಲ್ಲಿ ನಿಮ್ಮವರೇ ಟಿಕೆಟ್ ಮಾಫಿ ಅಂದಿದ್ದಾರೆ.

ಹುಡುಗ ನಗು ತಡೆದುಕೊಂಡ. ಮಗ ಸಿಟ್ಟು ತಡೆದುಕೊಳ್ಳಲಿಲ್ಲ, ಅವನ ಮುಖ ಕೆಂಪಾಯಿತು. “ಅವ್ವಾ! ಯಾರ್ನರ ಒಂದ್ ಮಾತ್ ಕೇಳಬಾರದ?”

ಅಷ್ಟರಲ್ಲಿ ಒಳಗಿನಿಂದ ನೆರೆಯಾಕೆ ಬಂದಳು. ನಾನು ನಡೆದದ್ದು ಹೇಳಿದೆ. ಆಕೆ ಕೆನ್ನೆಗೆ ಕೈ ಇಟ್ಟುಕೊಂಡಳು. “ಅಯ್ಯೋ ಅಮ್ಮಾ, ಇಲ್ಲಿ ಮಾಫಿ ಅಂದ್ರೆ ಇಲ್ಲ ಅಂತ ಅಲ್ವಾ? ಟಿಕೆಟ್ ಇಲ್ಲ, ಖಾಲಿಯಾಗಿದೆ ಅಂತ ಅವ ಹೇಳಿದ್ದು.”

ಹಾಗಾದರೆ ಅವನು ಇಲ್ಲ, ಇಲ್ಲ ಎನ್ನುತ್ತಿದ್ದಾಗ ನಾನು ಹರಸುತ್ತಿದ್ದೆ. ನನಗೆ ಆ ಊರಿನ ಮೇಲೇ ಸಿಟ್ಟು ಬಂತು. ಇಲ್ಲ ಎನ್ನುವುದಕ್ಕೆ ಇವರಿಗೆ ಬೇರೆ ಮಾತೇ ಸಿಗಲಿಲ್ಲವೇ?

ಮೊಮ್ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ನೆರೆಯಾಕೆ ಬಗ್ಗಿ ಅವಳ ಗಲ್ಲ ಹಿಡಿದಳು. “ನಮ್ಮ ಸಣ್ಣವನಿಗೆ ಜ್ವರ, ಅವ ಬರಲಿಲ್ಲ. ಒಂದು ಕುರ್ಚಿ ಉಂಟು. ಮಗು ನನ್ನೊಟ್ಟಿಗೆ ಬರ್ಲಿ. ಅಮ್ಮಾ, ನಿಮಗೆ ಮಾತ್ರ...” ಎಂದು ಬಾಗಿಲ ಹುಡುಗನನ್ನು ನೋಡಿದಳು. ಅವನು ತಲೆ ಅಲ್ಲಾಡಿಸಿದ. ಒಂದು ಕುರ್ಚಿಗೆ ಒಂದೇ ಜನ.

“ಅಜ್ಜಿ?” ಎಂದಳು ಹುಡುಗಿ.

ಬೇಡ ಎಂದಿದ್ದರೆ ಅವಳು ನಿಲ್ಲುತ್ತಿದ್ದಳೋ ಏನೋ. ನಾನು ಅನ್ನಲಿಲ್ಲ. “ಹೋಗು ನನ್ನವ್ವಾ. ಎಲ್ಲಾ ಚಂದಂಗ ನೋಡ್ಕೊಂಡು ಬಂದು ನನಗ ಹೇಳು” ಎಂದೆ. ಡಬ್ಬಿ ನನ್ನ ಕೈಗೆ ಬಂತು, ಸೆರಗು ಹಿಡಿದ ಕೈ ಬಿಟ್ಟಿತು. ಹಳದಿ ಫ್ರಾಕು ಒಳಗೆ ಓಡಿತು. ಹಿಂದಿರುಗಿ ನೋಡಲಿಲ್ಲ. ಐದು ವರ್ಷದ ಕೂಸು, ಎದುರಿಗೆ ಕರಡಿ ಇರುವಾಗ ಹಿಂದೆ ಯಾಕೆ ನೋಡಬೇಕು?

ಮಗನಿಗೆ ಕಣ್ಣು ಎಳೆಯುತ್ತಿದ್ದವು. ಕಾರಿನಲ್ಲಿ ಸೀಟು ಹಿಂದಕ್ಕೆ ಮಾಡಿ ಮಲಗಿಬಿಟ್ಟ. ನಾನು ಹೋಟೆಲಿನ ಪಕ್ಕಕ್ಕೆ ಸುತ್ತು ಹಾಕಿದೆ. ಅಲ್ಲಿ ಗಾಜಿನ ಗೋಡೆ. ಸಮುದ್ರದ ಗಾಳಿಗೆ ಸೆರಗು ಹಾರುತ್ತಿತ್ತು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು ನೋಡಿದೆ. ಅವಳು ನೆರೆಯವರ ಮಕ್ಕಳ ನಡುವೆ ಕೂತಿದ್ದಳು. ಎಲ್ಲರೂ ಒಟ್ಟಿಗೆ ಕಿರುಚಿದಾಗ ಕರಡಿ ಬಂತು ಎಂದು ತಿಳಿಯಿತು, ಸದ್ದು ಹೊರಗೆ ಬರಲಿಲ್ಲ, ಬಾಯಿಗಳಷ್ಟೇ ತೆರೆದವು. ಕರಡಿ ಅವಳ ತಲೆಯ ಮೇಲೆ ಕೈ ಇಟ್ಟಿತು. ಅವಳು ಕುರ್ಚಿಯ ಮೇಲೆ ಎದ್ದು ನಿಂತು ಅದಕ್ಕೆ ಏನೋ ಉದ್ದಕ್ಕೆ ಹೇಳಿದಳು. ಏನು ಹೇಳಿರಬಹುದು? ನಮ್ಮಜ್ಜಿ ಹೊರಗೆ ಇದ್ದಾಳೆ ಎಂದಳೇ? ಹೋಳಿಗೆಯ ಮಾತೇನಾದರೂ ತೆಗೆದಳೇ? ನನಗೆ ಅದೊಂದು ತಿಳಿದರೆ ಸಾಕಾಗಿತ್ತು. ಒಬ್ಬ ವೇಟರ್ ನನ್ನನ್ನು ನೋಡಿ ಪರದೆ ಎಳೆದು ಮುಚ್ಚಿದ. ಮುದುಕಿ ಊಟ ಮಾಡುವವರ ಬಾಯಿ ನೋಡುತ್ತ ನಿಂತಿದ್ದಾಳೆ ಎಂದುಕೊಂಡನೋ ಏನೋ. ನನಗೆ ಬಹಳ ಅವಮಾನವಾಯಿತು. ಕಾರಿಗೆ ಬಂದು ಕೂತೆ.

ನೆರೆಯಾಕೆ ಅವಳನ್ನು ಕರೆತಂದು ಬಿಟ್ಟಳು. ಹುಡುಗಿ ಕುಣಿಯುತ್ತ ಬಂದವಳೇ ಮುಂದಿನ ಬಾಗಿಲು ತೆಗೆದು ಅಪ್ಪನ ಪಕ್ಕ ಕೂತಳು, ಕೂರುವ ಮೊದಲೇ ಮಾತು ಶುರು. ಎಲ್ಲ ಇಂಗ್ಲಿಷಿನಲ್ಲಿ. ಕೈ ಆಡಿಸುತ್ತ, ದನಿ ಏರಿಸುತ್ತ, ಇಳಿಸುತ್ತ, ನಡುನಡುವೆ ಉಸಿರು ಎಳೆದುಕೊಳ್ಳುತ್ತ. ಮಗನ ನಿದ್ದೆ ಹಾರಿಹೋಯಿತು. ಅವನು ಒಮ್ಮೆ ಸ್ಟೀರಿಂಗ್ ಬಡಿದು ನಕ್ಕ.

ಒಂದು ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕೇಳಿದೆ. “ಏನಂತೋ? ನನಗೂ ಹೇಳು.”

“ಏನಿಲ್ಲವ್ವಾ. ಕರಡಿ ಬಂದಿತ್ತಂತ.”

“ಅಷ್ಟುದ್ದ ಹೇಳಿದ್ಳು. ಇಷ್ಟೇ ಏನು?”

“ಇಷ್ಟೇ. ಹುಡುಗ್ರ ಮಾತು.”

ನಾನು ಬಿಡಲಿಲ್ಲ. ಮುಂದಕ್ಕೆ ಬಗ್ಗಿ ಅವಳ ಭುಜ ಮುಟ್ಟಿದೆ. “ನನ್ನವ್ವಾ, ಅಜ್ಜಿಗೆ ಹೇಳಲ್ಲೇನ? ಕರಡಿಗೆ ನೀ ಏನ್ ಅಂದಿ?”

ಅವಳು ಹಿಂದಕ್ಕೆ ತಿರುಗಿದಳು. ಕಣ್ಣು ಮಿನುಗುತ್ತಿದ್ದವು. ಹೇಳಬೇಕೆಂದೇ ಬಾಯಿ ತೆರೆದಳು. ಮಾತು ಬರಲಿಲ್ಲ. ಮತ್ತೊಮ್ಮೆ ತೆರೆದಳು. ಕನ್ನಡದ ಆ ಮಾತುಗಳನ್ನು ಅವಳು ಒಳಗೆ ಹುಡುಕುತ್ತಿರುವುದು ನನಗೆ ಕಾಣುತ್ತಿತ್ತು. ಹುಡುಕಿ ಹುಡುಕಿ ಸಾಕಾಗಿ, “ಅಜ್ಜಿ, ಚಲೋ ಇತ್ತು” ಎಂದಳು.

“ಹೌದೇನ ಕೂಸ” ಎಂದೆ.

ಹಸಿರು ದೀಪ ಬಿತ್ತು. ಅವಳು ಮುಂದಕ್ಕೆ ತಿರುಗಿ ಬಿಟ್ಟಲ್ಲಿಂದ ಮತ್ತೆ ಹಿಡಿದಳು. ಮುಐದರ್ ಬರುವ ತನಕ ಅಪ್ಪನಿಗೆ ಹೇಳುತ್ತಲೇ ಇದ್ದಳು. ಹಿಂದೆ ಒಬ್ಬಳೇ ಕೂತ ನಾನು, ಅವಳು ನಕ್ಕಾಗಲೆಲ್ಲ ನಕ್ಕೆ.