ಒಂದೇ ಸಾಲಿನ ಪರಮಾಣುಗಳು

ಹೋದ ತಿಂಗಳು ತೀರಿಕೊಂಡ ಭೌತಶಾಸ್ತ್ರದ ಮಾಸ್ತರರು ಸಿಂದಗಿಯ ನನ್ನ ಹೊಲಿಗೆ ಅಂಗಡಿಗೆ ದಿನಾ ಸಂಜೆ ಬರುತ್ತಿದ್ದರು. ಬಂದವರೇ ಕಿಸೆಯಿಂದ ಪುಟ್ಟ ಆಯಸ್ಕಾಂತದ ತುಂಡುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು.

“ಭಾಳ ತಂಪು ಮಾಡಿದ್ರ ಆಯಸ್ಕಾಂತದಂಥಾ ಪರಮಾಣುಗಳನ್ನ ಹಿಂಗ ಒಂದ ಸಾಲಿನ್ಯಾಗ ನಿಲ್ಲಿಸಬಹುದ್ರಿ. ಸಾಲಿನುದ್ದಕ್ಕ ಮುಖ ಮಾಡಿದ್ರ ಒಂದಕ್ಕೊಂದು ಹತ್ತಿಕೋತಾವ, ಎಲ್ಲಾನೂ ಒಂದ ಕಡೆ ಅಡ್ಡ ಹೊಳ್ಳಿಸಿದ್ರ ದೂರ ಸರೀತಾವ. ತಿಳೀತೇನ್ರಿ?”

ತಿಳಿಯದಿದ್ದರೂ, ಅವರ ಮನಸ್ಸು ನೋಯಬಾರದೆಂದು “ತಿಳೀತ್ರಿ ಸರ್” ಎನ್ನುತ್ತಿದ್ದೆ.

“ಟೇಲರ್‌ಗೆ ತಿಳೀತಂದ್ರ ಸಾಲಿ ಹುಡುಗ್ರಿಗೂ ತಿಳೀತೈತಿ” ಎಂದು ನಕ್ಕು, ಒಂದು ದಿನ ಹಳ್ಳಿಯ ಶಾಲೆಯೊಂದಕ್ಕೆ ಹೋದರು. ಸಂಜೆ ಬಂದವರು ಆಯಸ್ಕಾಂತಗಳನ್ನು ಕಿಸೆಯಿಂದ ತೆಗೆಯಲಿಲ್ಲ.

“ಒಬ್ಬರಿಗೂ ತಿಳೀಲಿಲ್ಲರಿ. ನಿಮಗ ಖರೇನ ತಿಳಿದಿತ್ತೇನ್ರಿ?”

“ಹೌದ್ರಿ” ಎಂದೆ.

ನಾನು ಇಲ್ಲ ಎಂದಿದ್ದರೆ ತಿಳಿಸಿ ಹೇಳುವ ಬೇರೆ ದಾರಿ ಹುಡುಕುತ್ತಿದ್ದರು. ಹೇಳಿದ್ದು ಸರಿಯಾಗೇ ಇದೆ, ಹುಡುಗರಿಗೇ ಅದು ಎಟುಕದು ಎಂದುಕೊಂಡರೋ ಏನೋ, ಆಮೇಲೆ ಅವರು ಅದನ್ನು ಯಾರಿಗೂ ವಿವರಿಸಲಿಲ್ಲ.